ಇಳಿಯುವ ಉಸಿರು

ನನ್ನ ಬದುಕಿನಲ್ಲಿ ನನಗೆ ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು, ನಾನು ಸಾಯುತ್ತಿದ್ದೇನೆ ಎಂದು ಖಂಡಿತವಾಗಿ ನಂಬಿದ್ದ ದಿನ. ನಗಬೇಡಿ. ಈಗ ನಾನೇ ನಗುತ್ತೇನೆ, ಅದು ಬೇರೆ ಮಾತು.

ನಾನು ಡಬ್ಬಿಂಗ್ ಕಲಾವಿದೆ. ಪರಭಾಷೆಯ ಧಾರಾವಾಹಿಯಲ್ಲಿ ಯಾವಳೋ ತುಟಿ ಅಲ್ಲಾಡಿಸಿದರೆ ನಮ್ಮ ಭಾಷೆಯಲ್ಲಿ ಕೇಳಿಸುವ ದನಿ ನನ್ನದು. ವರ್ಷಗಟ್ಟಲೆ ಗುಂಪಿನಲ್ಲಿ ಗೋವಿಂದ ಅಂದವಳು ನಾನು. ಸಂತೆಯ ಗಲಾಟೆ, ಒಂದು ಸಾಲಿನ ನರ್ಸು, ಅಳುವ ಕೂಸು, ಒಮ್ಮೆ ಮೇಕೆ ಕೂಡ. ಮೇಕೆಗೆ ಒಳ್ಳೆಯ ಹೆಸರು ಬಂದಿತ್ತು. ಅಂಥವಳಿಗೆ ಕೊನೆಗೂ ನಾಯಕಿ ಸಿಕ್ಕಳು! ಸುರಂಗ ಕೊರೆಯುವ ಎಂಜಿನಿಯರ್, ಗಟ್ಟಿಗಿತ್ತಿ, ಯಾರಿಗೂ ಸೊಪ್ಪು ಹಾಕದವಳು. ಅವಳ ದನಿ ಸಿಕ್ಕ ದಿನ ನಾನು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಮನೆಗೆ ಹೋಗಿ, ಅತ್ತೆಯನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟೆ. "ಇಳಿಸೇ, ಹುಚ್ಚಿ!" ಅಂತ ಅವರು ಕಿರುಚಿದರು, ಆದರೆ ನಗುತ್ತಿದ್ದರು.

ಡಬ್ಬಿಂಗ್ ಬೂತ್ ಅಂದರೆ ಬಟ್ಟೆ ಬೀರುವಿಗಿಂತ ಸ್ವಲ್ಪ ದೊಡ್ಡದು. ಗೋಡೆ ತುಂಬ ಕಪ್ಪು ಸ್ಪಂಜು, ಭಾರದ ಬಾಗಿಲು, ಒಂದು ಮೈಕು, ಒಂದು ಪುಟ್ಟ ಪರದೆ, ಎದುರಿಗೆ ಗಾಜು. ಗಾಜಿನಾಚೆ ಕಂಟ್ರೋಲ್ ರೂಮಿನಲ್ಲಿ ರೆಕಾರ್ಡಿಂಗ್ ಮಾಡುವ ಸೌಂಡಣ್ಣ ಮತ್ತು ನಮ್ಮ ಡೈರೆಕ್ಟರಮ್ಮ. ಸದ್ದು ಬರುತ್ತದೆಂದು ಫ್ಯಾನೂ ಹಾಕುವುದಿಲ್ಲ. ಅವರು ಗುಂಡಿ ಒತ್ತಿ ಮಾತಾಡಿದರೆ ನನ್ನ ಹೆಡ್‌ಫೋನಿನಲ್ಲಿ ಕೇಳಿಸುತ್ತದೆ. ಗುಂಡಿ ಬಿಟ್ಟರೆ ಲೋಕವೇ ಇಲ್ಲ.

ಆ ದಿನ ಸುರಂಗ ಕುಸಿಯುವ ದೃಶ್ಯ. ನಾಯಕಿ ಕತ್ತಲಲ್ಲಿ ಒಬ್ಬಳೇ ಸಿಕ್ಕಿಬಿದ್ದು ಏದುಸಿರು ಬಿಡಬೇಕು. ಕೆಂಪು ದೀಪ ಹತ್ತಿತು. ಮೊದಲ ಎರಡು ಉಸಿರು ನಾನು ನಟಿಸಿದ್ದೇ. ಮೂರನೆಯದು ನನ್ನ ಮಾತು ಕೇಳಲಿಲ್ಲ.

ಎದೆ ಡವಡವ ಅನ್ನುವುದು ಬಿಟ್ಟು ಒದೆಯತೊಡಗಿತು. ಬೆರಳ ತುದಿಯಲ್ಲಿ ಜುಮುಜುಮು, ತುಟಿ ಮರಗಟ್ಟಿತು, ಗಂಟಲನ್ನು ಯಾರೋ ಒಳಗಿನಿಂದ ಹಿಂಡಿದ ಹಾಗೆ. ಸ್ಪಂಜಿನ ಗೋಡೆ ಹತ್ತಿರ ಬಂತು, ಆಮೇಲೆ ದೂರ ಹೋಯಿತು. ನನ್ನ ಕೈ ನನ್ನದಲ್ಲ ಅನ್ನಿಸಿತು. ಇಷ್ಟೇ, ಮುಗಿಯಿತು, ಮೇಕೆಯ ದನಿ ಕೊಟ್ಟವಳು ಬೂತಿನಲ್ಲೇ ಸತ್ತಳು ಎಂದು ಪೇಪರಿನಲ್ಲಿ ಬರುತ್ತದೆ ಅಂದುಕೊಂಡೆ. ಮೈಕಿನ ಕಂಬ ಹಿಡಿದು, ಬಾಯಿ ತೆರೆದು, ಮೀನಿನ ಹಾಗೆ ಗಾಳಿ ಹುಡುಕಿದೆ.

ಹೆಡ್‌ಫೋನಿನಲ್ಲಿ ಸೌಂಡಣ್ಣನ ದನಿ. "ಅಬ್ಬಬ್ಬಾ! ಸೂಪರ್! ಬಿಡ್ಬೇಡಿ ಅಕ್ಕ, ಇನ್ನೂ ಸ್ವಲ್ಪ!"

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಅದು. ಗಾಜಿನಾಚೆ ಡೈರೆಕ್ಟರಮ್ಮ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಕಾರಿಡಾರಿನಲ್ಲಿದ್ದವರನ್ನೂ ಕರೆದು ತೋರಿಸಿದರು. ಅವರೂ ತಟ್ಟಿದರು. ಪ್ರಪಂಚದ ಬೇರೆ ಯಾವ ಕಚೇರಿಯಲ್ಲಾದರೂ ಒಬ್ಬಳು ಹೀಗೆ ಉಸಿರಾಡಿದರೆ ಯಾರಾದರೂ ನೀರು ತರುತ್ತಿದ್ದರು. ನಮ್ಮ ಕಡೆಯವರು ಮೈಕಿನ ವಾಲ್ಯೂಮ್ ಸರಿ ಮಾಡಿಕೊಂಡರು.

ಹೊರಗೆ ಬಂದಾಗ ನನ್ನ ಬಟ್ಟೆಯೆಲ್ಲ ಬೆವರಿನಲ್ಲಿ ತೊಯ್ದಿತ್ತು. "ಪಾತ್ರದೊಳಗೆ ಹೊಕ್ಕುಬಿಟ್ರಿ ನೀವು," ಎಂದು ಡೈರೆಕ್ಟರಮ್ಮ ಕಣ್ಣೊರೆಸಿಕೊಂಡರು. "ಕೊನೇ ಕಂತಿನಲ್ಲಿ ಇದಕ್ಕಿಂತ ಉದ್ದದ ದೃಶ್ಯ ಇದೆ. ಇದೇ ಬೇಕು ನಂಗೆ!" ನಾನು ಹಲ್ಲು ಕಿರಿದೆ. ಅಷ್ಟು ಹೊಗಳಿದ ಮೇಲೆ, ನನಗೆ ಹೃದಯ ನಿಂತಿತ್ತು ಎಂದು ಯಾವ ಬಾಯಿಂದ ಹೇಳುವುದು?

ಮನೆಯಲ್ಲಿ ಇದ್ದವರು ನಾನು ಮತ್ತು ಅತ್ತೆ. ನನ್ನ ಗಂಡ ಲಾರಿ ಓಡಿಸುವವರು, ವಾರಗಟ್ಟಲೆ ದಾರಿಯಲ್ಲೇ ಇರುತ್ತಾರೆ. ಅತ್ತೆ ನನ್ನ ಮುಖ ನೋಡಿ "ಗ್ಯಾಸು" ಎಂದು ತೀರ್ಪು ಕೊಟ್ಟು ಬಿಸಿನೀರು ಕುಡಿಸಿದರು. ಮಾರನೆಯ ದಿನ ಹೃದಯದ ಡಾಕ್ಟರ ಹತ್ತಿರ ಹೋದೆವು. ಎದೆಗೆಲ್ಲ ವೈರು ಅಂಟಿಸಿದರು, ರಕ್ತ ತೆಗೆದರು, ಓಡಿಸಿ ನೋಡಿದರು.

"ಏನೂ ಇಲ್ಲಮ್ಮ," ಅಂದರು. "ಟೆನ್ಷನ್ ಮಾಡ್ಕೋಬೇಡಿ."

ನನಗೆ ಮೂಗಿನ ತುದಿಯಲ್ಲೇ ಕೋಪ, ಊರಿಗೆಲ್ಲ ಗೊತ್ತು. "ಏನೂ ಇಲ್ಲ ಅಂದ್ರೆ? ಮತ್ತೆ ಬಂದದ್ದು ಏನು, ನೆಂಟರಾ?" ಅಂದುಬಿಟ್ಟೆ. ಅತ್ತೆ ನನ್ನ ತೋಳು ಜಿಗುಟಿದರು. ಹೃದಯ ಗಟ್ಟಿ ಎಂದು ತಿಳಿದು ಸಂತೋಷ ಪಡಬೇಕಿತ್ತು, ಆದರೆ ಅದಕ್ಕೊಂದು ಹೆಸರಿಲ್ಲ ಎಂಬುದೇ ನನ್ನನ್ನು ಇನ್ನಷ್ಟು ಹೆದರಿಸಿತು.

ಆಮೇಲೆ ಅದು ಹೇಳದೆ ಕೇಳದೆ ಬರತೊಡಗಿತು. ಬಸ್ಸಿನಲ್ಲಿ ಬಂತು, ತಲೆಗೆ ಶಾಂಪೂ ಹಚ್ಚಿಕೊಂಡಾಗ ಬಂತು. ಬರುವುದಕ್ಕಿಂತ, ಬಂದುಬಿಟ್ಟರೆ ಎಂಬ ಭಯವೇ ದೊಡ್ಡದಾಯಿತು. ಲಿಫ್ಟ್ ಬಿಟ್ಟೆ. ತುಂಬಿದ ಬಸ್ಸು ಬಿಟ್ಟೆ. ಬೂತಿನ ಬಾಗಿಲನ್ನು ಸ್ವಲ್ಪ ತೆರೆದಿಟ್ಟು ರೆಕಾರ್ಡ್ ಮಾಡೋಣ ಎಂದರೆ, "ಅಕ್ಕ, ಕಾರಿಡಾರ್‌ನಲ್ಲಿ ಚಪ್ಪಲಿ ಎಳ್ಕೊಂಡು ಹೋಗೋರ ಸದ್ದೆಲ್ಲ ನಿಮ್ಮ ಸುರಂಗದಲ್ಲಿ ಬರುತ್ತೆ," ಎಂದು ಸೌಂಡಣ್ಣ ಕೈ ಮುಗಿದ. ಹಾಗಾಗಿ ಗಂಟಲು ಕೆಟ್ಟಿದೆ ಎಂದು ಸುಳ್ಳು ಹೇಳಿದೆ. ಒಂದು ಸುಳ್ಳಿನ ಬೆನ್ನಿಗೆ ಇನ್ನೊಂದು. ಗಂಟಲು ಪಾಪ, ಚೆನ್ನಾಗಿಯೇ ಇತ್ತು.

ಡೈರೆಕ್ಟರಮ್ಮ ಮೃದು ಮನಸ್ಸಿನವರು, ಆದರೆ ಕೆಲಸದಲ್ಲಿ ಕಲ್ಲು. ಒಂದು ಬೆಳಿಗ್ಗೆ ಫೋನ್ ಮಾಡಿದರು. "ನೋಡಿ, ಮುಂದಿನ ತಿಂಗಳ ಕೊನೆಗೆ ಕೊನೇ ಕಂತು ಕಳಿಸ್ಲೇಬೇಕು. ಅಷ್ಟರೊಳಗೆ ಗಂಟಲು ಸರಿಹೋಗ್ಲಿಲ್ಲ ಅಂದ್ರೆ ಇನ್ನೊಬ್ಬಳು ಹುಡುಗಿ ಇದಾಳೆ. ಮೊದಲಿಂದ ಎಲ್ಲಾನೂ ಅವಳ ಹತ್ರಾನೇ ಮಾಡಿಸ್ಬೇಕಾಗುತ್ತೆ."

ಅಂದರೆ ಕೊನೆಯ ಕಂತು ಮಾತ್ರವಲ್ಲ, ನಾನು ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ನನ್ನ ಎಂಜಿನಿಯರ್ ಇನ್ನೊಬ್ಬಳ ದನಿಯಲ್ಲಿ ಮಾತಾಡುತ್ತಾಳೆ, ನಾನು ಮತ್ತೆ ಮೇಕೆ. ಫೋನಿಟ್ಟು ಅಡುಗೆಮನೆಯ ನೆಲದ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಆಮೇಲೆ ಮೂಗು ಸೀಟಿಕೊಂಡು, ಮನಸ್ಸಿನ ಡಾಕ್ಟರ ನಂಬರ್ ಹುಡುಕಿದೆ. ನನಗೆ ತಲೆ ಕೆಟ್ಟಿದೆ ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ, ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು.

ಅತ್ತೆಯೂ ಜೊತೆಗೆ ಬಂದರು. ಡಾಕ್ಟರ ಕೋಣೆಯಲ್ಲಿ ಎರಡು ಒಳ್ಳೆಯ ಕುರ್ಚಿಗಳಿದ್ದರೂ ಬಾಗಿಲ ಪಕ್ಕದ ಸ್ಟೂಲೇ ಬೇಕೆಂದು ಅಲ್ಲೇ ಕೂತರು. ಡಾಕ್ಟರಮ್ಮ ಚಿಕ್ಕ ಆಳು, ಪಟಪಟನೆ ಮಾತು. ನಾನು ಹೇಳಿದ್ದನ್ನೆಲ್ಲ ಕೇಳಿದರು, ಹೃದಯದ ರಿಪೋರ್ಟು ತಿರುವಿದರು, ಥೈರಾಯ್ಡು ನೋಡಿದ್ದಾರಾ ಎಂದು ಕೇಳಿದರು. ಆಮೇಲೆ ಪೆನ್ನು ಕೆಳಗಿಟ್ಟರು.

"ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅಂತಾರೆ. ನಿಮ್ಮ ಕಲ್ಪನೆ ಅಲ್ಲ, ನಾಟಕ ಅಲ್ಲ. ಹುಲಿ ಬಂದ್ರೆ ಓಡಿಸೋಕೆ ಅಂತ ಮೈಯೊಳಗೆ ಒಂದು ಏರ್ಪಾಡಿದೆ. ನಿಮ್ಮಲ್ಲಿ ಅದು ಹುಲಿ ಇಲ್ದೇನೇ ಶುರುವಾಗ್ತಿದೆ. ಎದೆ ಹೊಡ್ಕೊಳ್ಳೋದು, ಕೈ ಜುಮ್ಮನ್ನೋದು, ಎಲ್ಲ ನಿಜ. ಹುಲಿ ಮಾತ್ರ ಸುಳ್ಳು."

ಹೆಸರು! ಅದಕ್ಕೊಂದು ಹೆಸರಿದೆ! ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ಅವರ ಕೈ ಹಿಡಿದು ಕುಲುಕಿಬಿಟ್ಟೆ. ಅಡ್ರೆಸ್ ಸಿಕ್ಕರೆ ಅರ್ಧ ಜಗಳ ಗೆದ್ದ ಹಾಗೆ, ನನ್ನ ಲೆಕ್ಕದಲ್ಲಿ.

"ಕೂತ್ಕೊಳ್ಳಿ, ಇನ್ನೂ ಇದೆ," ಎಂದು ಅವರು ನಕ್ಕರು. "ಬಂದಾಗ ಎಷ್ಟು ಹೊತ್ತು ಇರುತ್ತೆ?"

"ಗಂಟೆಗಟ್ಟಲೆ!"

"ಕೊನೇವರೆಗೂ ಇದ್ದು ನೋಡಿದೀರಾ? ಇಲ್ಲ ಓಡಿಹೋಗ್ತೀರಾ?"

"ಓಡದೆ ಇನ್ನೇನು ಮಾಡ್ಲಿ ಡಾಕ್ಟ್ರೇ?"

"ಅಲ್ಲೇ ಇರೋದು ನೋಡಿ. ಓಡಿಹೋದ ಪ್ರತಿ ಸಲ, 'ಓಡಿದ್ದಕ್ಕೇ ಬದುಕಿದೆ' ಅಂತ ಮೆದುಳು ಕಲಿಯುತ್ತೆ. ನಿಂತಿದ್ರೆ ಅದು ಏರುತ್ತೆ, ತುದಿ ಮುಟ್ಟುತ್ತೆ, ತಾನಾಗೇ ಇಳಿಯುತ್ತೆ. ನೀವು ಇಳಿಯೋದನ್ನ ಒಮ್ಮೆನೂ ನೋಡಿಲ್ಲ ಅನ್ಸುತ್ತೆ."

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ನಾನು ಕಿರುಚಿದೆ ಅಂತಲೇ ಅನ್ನಬೇಕು. "ಡಾಕ್ಟ್ರೇ! ನನ್ನ ಹತ್ರ ರೆಕಾರ್ಡಿಂಗ್ ಇದೆ!"

ಪ್ಯಾನಿಕ್ ಅಟ್ಯಾಕನ್ನು ಸ್ಟುಡಿಯೋ ಮೈಕಿನಲ್ಲಿ ರೆಕಾರ್ಡ್ ಮಾಡಿಸಿಕೊಂಡು ಬಂದ ರೋಗಿ ಅವರಿಗೆ ಅದುವರೆಗೆ ಸಿಕ್ಕಿರಲಿಲ್ಲವಂತೆ.

ಅದನ್ನು ತರಲು ಸೌಂಡಣ್ಣನಿಗೆ ನಿಜ ಹೇಳಬೇಕಾಯಿತು. ಮನೆಯವರನ್ನು ಬಿಟ್ಟು ಹೊರಗೆ ನಾನು ಮೊದಲು ಹೇಳಿದ್ದು ಅವನಿಗೇ. ಪಾಪ, ಬಿಳುಚಿಹೋದ. "ಅಯ್ಯೋ, ನಾನು ಇನ್ನೂ ಸ್ವಲ್ಪ ಅಂದ್ನಲ್ಲ ಅಕ್ಕ!" ಎಂದು ತಲೆ ಚಚ್ಚಿಕೊಂಡ. ಅವನದೊಂದು ಅಭ್ಯಾಸ, ಟೇಕ್ ಮುಗಿದರೂ ರೆಕಾರ್ಡಿಂಗ್ ನಿಲ್ಲಿಸುವುದಿಲ್ಲ. ಯಾರಾದರೂ ಮಧ್ಯದಲ್ಲಿ ಒಳ್ಳೆಯ ಕೆಮ್ಮು ಕೆಮ್ಮಿದರೆ ಮುಂದೆ ಉಪಯೋಗಕ್ಕೆ ಬರುತ್ತದೆ ಎಂಬ ಜಿಪುಣತನ. ಹಾಗಾಗಿ ಆ ದಿನದ್ದು ಇಡಿಯಾಗಿ ಉಳಿದಿತ್ತು.

ಮುಂದಿನ ವಾರ ಡಾಕ್ಟರ ಕೋಣೆಯಲ್ಲಿ ನಾನು, ಡಾಕ್ಟರಮ್ಮ, ಬಾಗಿಲ ಪಕ್ಕ ಅತ್ತೆ. ಫೋನನ್ನು ಮೇಜಿನ ಮೇಲಿಟ್ಟು ಹಾಕಿದೆವು. ಕೇಳಲು ಶುರುಮಾಡುತ್ತಲೇ ನನ್ನ ಅಂಗೈ ಬೆವರಿತು. ಆ ಉಸಿರು ಏರಿತು, ಏರಿತು, ನನ್ನ ಹೆಡ್‌ಫೋನಿನಿಂದ ಸೋರಿದ ಸೌಂಡಣ್ಣನ "ಸೂಪರ್" ಬಂತು, ಅದರ ಹಿಂದೆಯೇ ಚಪ್ಪಾಳೆ ಬಂತು. ಇನ್ನು ನಿಂತೇ ಹೋಗುತ್ತದೆ ಅನ್ನುವಾಗ, ಏನೂ ಆಗದೆ, ಯಾರೂ ಏನೂ ಮಾಡದೆ, ಉಸಿರಿನ ನಡುವೆ ಒಂದು ಚೂರು ಜಾಗ ಬಂತು. ಆಮೇಲೆ ಇನ್ನಷ್ಟು. ಕೊನೆಗೆ ಒಂದು ಉದ್ದನೆಯ ಉಸಿರು, ಮತ್ತು ನನ್ನದೇ ಸಣ್ಣ ದನಿ: "ನೀರು ಇದೆಯಾ?" ಎಲ್ಲ ಸೇರಿ ಒಂದು ಪಾತ್ರೆ ಹಾಲು ಕಾಯುವಷ್ಟು ಹೊತ್ತು. ಅಷ್ಟೇ! ನನಗೆ ಯುಗ ಅನ್ನಿಸಿದ್ದು ಅಷ್ಟೇ!

"ಇಳೀತು!" ಎಂದು ನಾನು ಮೇಜು ಗುದ್ದಿದೆ. "ಕೇಳಿಸ್ತಾ ಅತ್ತೆ? ತಾನಾಗೇ ಇಳೀತು!"

ತಿರುಗಿ ನೋಡಿದರೆ ಅತ್ತೆ ಎದ್ದು ನಿಂತಿದ್ದರು, ಒಂದು ಕೈ ಬಾಗಿಲ ಹಿಡಿಯ ಮೇಲೆ. ಕಣ್ಣಲ್ಲಿ ನೀರು.

"ಅದು ನನ್ನ ಉಸಿರು ಕಣೇ," ಅಂದರು. "ನಿನ್ನ ಗಂಡ ಹುಟ್ಟಿದ ವರ್ಷದಿಂದ ನಂಗೆ ಇದೇ ಬರೋದು. ಇದಕ್ಕೆ ಹೆಸರಿದೆ ಅಂತ ನಂಗೆ ಯಾರೂ ಹೇಳ್ಲಿಲ್ಲ."

ಈ ಹೆಂಗಸು ಬಚ್ಚಲ ಬಾಗಿಲಿಗೆ ಚಿಲಕ ಹಾಕುವುದಿಲ್ಲ ಎಂದು ನಾವು ಗಂಡ ಹೆಂಡತಿ ತಮಾಷೆ ಮಾಡುತ್ತಿದ್ದೆವು. ಮದುವೆ ಮನೆಗಳಲ್ಲಿ ಹೊಸಿಲ ಹತ್ತಿರವೇ ನಿಲ್ಲುತ್ತಿದ್ದರು, ಸಿನಿಮಾ ಅಂದರೆ ತಲೆನೋವು ಅನ್ನುತ್ತಿದ್ದರು, ಲಿಫ್ಟ್ ಕಂಡರೆ "ನಡೆದ್ರೆ ಒಳ್ಳೇದು" ಎಂದು ಮಂಡಿನೋವಿನಲ್ಲೂ ಮೆಟ್ಟಿಲು ಹತ್ತುತ್ತಿದ್ದರು. ಗ್ಯಾಸು ಎಂದು ನನಗೆ ಹೇಳಿದ್ದು, ತಮಗೆ ತಾವೇ ಜೀವಮಾನವಿಡೀ ಹೇಳಿಕೊಂಡದ್ದನ್ನು. ಡಾಕ್ಟರಮ್ಮ ಎದ್ದುಹೋಗಿ ಅವರ ಪಕ್ಕ ನಿಂತು, "ಬನ್ನಿ, ನಿಮ್ಮದೂ ಒಂದು ಫೈಲ್ ಮಾಡೋಣ," ಅಂದರು.

ಅಲ್ಲಿಂದ ಮುಂದೆ ನಮ್ಮ ಮನೆ ಒಂದು ಗರಡಿಮನೆ ಆಯಿತು! ಡಾಕ್ಟರಮ್ಮ ಇಬ್ಬರಿಗೂ ತಪಾಸಣೆ ಮಾಡಿಸಿದರು, ಅತ್ತೆಗೆ ಒಂದು ಮಾತ್ರೆಯನ್ನೂ ಬರೆದರು. ಬಂದಾಗ ಜಗಳಕ್ಕೆ ನಿಲ್ಲಬಾರದು, ಉಸಿರನ್ನು ಎಳೆದೆಳೆದು ತುಂಬಿಸಬಾರದು, ನಿಧಾನವಾಗಿ ಹೊರಗೆ ಬಿಡಬೇಕು, ಅಂಗಾಲು ನೆಲ ಮುಟ್ಟಿರುವುದನ್ನು ಗಮನಿಸಬೇಕು, ಹೆಸರು ಹಿಡಿದು ಕರೆಯಬೇಕು. "ಬಾ, ಬಂದ್ಯಾ, ಕೂತ್ಕೋ," ಎಂದು ಅತ್ತೆ ಅದಕ್ಕೆ ಹೇಳುವುದನ್ನು ಕೇಳಿದರೆ ನಿಜವಾಗಿ ಯಾರೋ ಬಂದಿದ್ದಾರೆ ಅನ್ನಿಸುತ್ತಿತ್ತು. ಇಬ್ಬರೂ ಲಿಫ್ಟಿನಲ್ಲಿ ಒಂದೊಂದೇ ಮಹಡಿ ಹೋಗಿಬಂದೆವು. ಮೊದಲ ದಿನ ಅತ್ತೆ ನನ್ನ ಮಣಿಕಟ್ಟನ್ನು ಹಿಡಿದ ಹಿಡಿತಕ್ಕೆ ಬಳೆ ಒಡೆಯಿತು. ಮೇಲಿನ ಮನೆಯವರು ನಮ್ಮನ್ನು ನೋಡಿ, "ಎಲ್ಲಿಗೆ ಹೊರಟ್ರಿ?" ಅಂದರೆ, "ಎಲ್ಲಿಗೂ ಇಲ್ಲ!" ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ಸ್ಟುಡಿಯೋ ಖಾಲಿ ಇದ್ದಾಗ ಸೌಂಡಣ್ಣ ಬೂತಿನ ಬಾಗಿಲನ್ನು ಇಷ್ಟಿಷ್ಟೇ ಮುಚ್ಚುತ್ತ ನನ್ನನ್ನು ಪಳಗಿಸಿದ. ಅತ್ತೆ ಮಾತ್ರ ಕಂಟ್ರೋಲ್ ರೂಮಿಗೆ ಕಾಲಿಡಲಿಲ್ಲ. ಅದರ ಬಾಗಿಲೂ ಬೂತಿನದರಷ್ಟೇ ಭಾರ. ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಕೂತಿರುತ್ತಿದ್ದರು.

ಎಲ್ಲ ದಿನವೂ ಗೆದ್ದೆವು ಎಂದು ಹೇಳಿದರೆ ಸುಳ್ಳಾಗುತ್ತದೆ. ಒಮ್ಮೆ ಬಸ್ಸಿನಿಂದ ಅರ್ಧದಾರಿಯಲ್ಲೇ ಇಳಿದು ಓಡಿದೆ. ಕೋಪಕ್ಕೆ ದಾರಿಯ ಕಲ್ಲನ್ನು ಒದ್ದು ಹೆಬ್ಬೆರಳು ಊದಿಸಿಕೊಂಡೆ. ಡಾಕ್ಟರಮ್ಮ, "ಪರವಾಗಿಲ್ಲ, ನಾಳೆ ಅದೇ ಬಸ್ಸು ಹತ್ತಿ," ಅಂದರು. ಕುಂಟುತ್ತಲೇ ಹತ್ತಿದೆ.

ಕೊನೆಯ ಕಂತಿನ ದಿನ ಬಂತು. ಡೈರೆಕ್ಟರಮ್ಮ ಪರದೆಯ ಮೇಲೆ ದೃಶ್ಯ ತೋರಿಸಿದರು. ನಾಯಕಿ ಮತ್ತೆ ಸುರಂಗದಲ್ಲಿ, ಮಣ್ಣಿನಡಿ. ಉಸಿರು ಏರುತ್ತದೆ. ಆಮೇಲೆ ಕಣ್ಣು ಮುಚ್ಚಿ, ಉಸಿರು ಹಿಡಿತಕ್ಕೆ ತಂದುಕೊಂಡು, "ನಾನಿಲ್ಲೇ ಇದೀನಿ. ಅಗೀರಿ!" ಎಂದು ಹೊರಗಿನವರಿಗೆ ಕೂಗುತ್ತಾಳೆ.

"ಹೋದ ಸಲ ಕೊಟ್ಟಿದ್ದನ್ನೇ ಕೊಡಿ," ಅಂದರು ಡೈರೆಕ್ಟರಮ್ಮ. "ಆಗ್ಲಿಲ್ಲ ಅಂದ್ರೆ ಅದನ್ನೇ ತಂದು ಇಲ್ಲಿ ಅಂಟಿಸೋಣ."

ಸೌಂಡಣ್ಣ ನನ್ನ ಮುಖ ನೋಡಿದ. ನಾನು ಹೇಳಿಬಿಟ್ಟೆ. "ಅದು ನಟನೆ ಅಲ್ಲ ಮೇಡಂ. ಅವತ್ತು ನಂಗೆ ಪ್ಯಾನಿಕ್ ಅಟ್ಯಾಕ್ ಆಗಿತ್ತು. ಗಂಟಲು ಯಾವತ್ತೂ ಕೆಟ್ಟಿರ್ಲಿಲ್ಲ."

ಅವರು ಕುರ್ಚಿಗೆ ಒರಗಿದರು. "ನಾನು ಚಪ್ಪಾಳೆ ತಟ್ಟಿದೆ," ಅಂದರು. ಮತ್ತೆ, ಕೆಲಸದ ದನಿಯಲ್ಲಿ: "ಹಾಗಾದ್ರೆ ಈ ದೃಶ್ಯ ನಿಮಗೆ ಬೇಡ. ಆ ಹುಡುಗೀನ ಕರೆಸ್ತೀನಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ನನಗೆ ಉರಿದುಹೋಯಿತು. "ನನ್ನ ಒಳ್ಳೇದು ನಂಗೆ ಗೊತ್ತು ಮೇಡಂ! ಆ ಹಳೇ ರೆಕಾರ್ಡಿಂಗ್ ಅಂಟಿಸಿದ್ರೆ ನಿಮ್ಮ ದೃಶ್ಯ ಕೆಡುತ್ತೆ. ಅದರಲ್ಲಿ ಹೆದರಿಕೆ ಇದೆ, ಅಷ್ಟೇ. ತಾನಾಗೇ ಇಳಿದ ಉಸಿರು ಅದು. ಇವಳು ಇಳಿಸ್ಕೋತಾಳೆ. ಆಮೇಲೆ ಕೂಗ್ತಾಳೆ. ಅದು ಹೇಗೆ ಅಂತ ಈಗ ನಂಗೆ ಗೊತ್ತು. ಒಂದು ಅವಕಾಶ ಕೊಡಿ. ಅದು ಬಂದ್ರೂ ಬಾಗಿಲು ತೆಗೀಬೇಡಿ, ನಾನು ಕೈ ಎತ್ತಿದ್ರೆ ಮಾತ್ರ ತೆಗೀರಿ."

ಅವರು ಒಪ್ಪಿದರು. ಒಂದೇ ಟೇಕ್ ಎಂದು ಒಪ್ಪಿದರು.

ಬೂತಿನ ಬಾಗಿಲು ಮುಚ್ಚಿತು. ಕೆಂಪು ದೀಪ. ಮೊದಲ ಉಸಿರು, ಎರಡನೆಯದು. ಮತ್ತೆ, ಹೌದು, ಬಂತು ಮಹಾರಾಯ. ಎದೆ ಒದೆಯಿತು, ತುಟಿ ಮರಗಟ್ಟಿತು. ಓಡು, ಓಡು ಎಂದು ಮೈಯೆಲ್ಲ ಕೂಗಿತು. ಕೈ ತಾನಾಗಿ ಮೇಲೇಳುತ್ತಿತ್ತು. ಸೌಂಡಣ್ಣನನ್ನು ಹುಡುಕಿ ಗಾಜಿನತ್ತ ನೋಡಿದೆ.

ಗಾಜಿನಾಚೆ ಅತ್ತೆ ನಿಂತಿದ್ದರು!

ಕಾರಿಡಾರಿನಲ್ಲಲ್ಲ, ಕಂಟ್ರೋಲ್ ರೂಮಿನ ಒಳಗೆ. ಅವರ ಹಿಂದೆ ಆ ಭಾರದ ಬಾಗಿಲು ಮುಚ್ಚಿತ್ತು. ಮುಖ ಬಿಳುಚಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು, ಎರಡೂ ಕೈಗಳಿಂದ ಕುರ್ಚಿಯ ಬೆನ್ನು ಹಿಡಿದಿದ್ದರು. ಆ ಬಾಯಿ, ಆ ಎದೆ, ನನಗೆ ಗುರುತು ಸಿಗದೇ ಇರುತ್ತದೆಯೇ? ಅವರಿಗೂ ಬಂದಿತ್ತು. ಬಂದಿದ್ದರೂ ಬಾಗಿಲಿನತ್ತ ತಿರುಗಲಿಲ್ಲ. ನನ್ನನ್ನೇ ನೋಡುತ್ತ, ದೀಪ ಆರಿಸುವ ಹಾಗೆ ತುಟಿ ಮುಂದೆ ಮಾಡಿ ನಿಧಾನವಾಗಿ ಉಸಿರು ಬಿಟ್ಟರು.

ನಾನೂ ಬಿಟ್ಟೆ. ಅವರು ಬಿಟ್ಟರು. ನಾನು ಬಿಟ್ಟೆ. ಪರದೆಯ ಮೇಲೆ ನಾಯಕಿ ಕಣ್ಣು ಮುಚ್ಚಿದಳು, ಅವಳ ಎದೆ ಇಳಿಯಿತು, ಅದೇ ಹೊತ್ತಿಗೆ ನನ್ನದೂ ಇಳಿಯತೊಡಗಿತು. ಪೂರ್ತಿ ಅಲ್ಲ, ಮಾತಿಗೆ ಬೇಕಾದಷ್ಟು. "ನಾನಿಲ್ಲೇ ಇದೀನಿ," ಅಂದೆ, ಗಾಜಿನತ್ತ ನೋಡಿ. "ಅಗೀರಿ!"

ಕೆಂಪು ದೀಪ ಆರಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಡೈರೆಕ್ಟರಮ್ಮ ಅತ್ತೆಯ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಗುಂಡಿ ಒತ್ತಿದರು.

"ಇದೇ. ಈ ಉಸಿರೇ ಬೇಕಾಗಿತ್ತು. ನಿಮ್ಮ ಎಂಜಿನಿಯರ್ ನಿಮಗೇ." ಪರದೆಯನ್ನು ಇನ್ನೊಮ್ಮೆ ನೋಡಿದರು. "ಆದ್ರೆ ಕೊನೇ ಪದ ಅವಳ ತುಟಿಗೆ ಸರಿಯಾಗಿ ಕೂತಿಲ್ಲ. ಇನ್ನೊಂದು ಸಲ ಮಾಡ್ಬೇಕು. ಹೊರಗೆ ಬಂದು ಗಾಳಿ ತಗೊಳ್ಳಿ, ಆಮೇಲೆ ನೋಡೋಣ."

ಸೌಂಡಣ್ಣ ಬಾಗಿಲು ತೆರೆಯಲು ಎದ್ದ. ಅತ್ತೆ ಅವನ ಅಂಗಿ ಹಿಡಿದು ಕೂರಿಸಿದರು. ತಾವೇ ಗುಂಡಿ ಹುಡುಕಿ ಒತ್ತಿದರು. ನನ್ನ ಕಿವಿಯ ತುಂಬ ಅವರ ಏದುಸಿರು, ಅದರ ನಡುವೆ ಮಾತು.

"ಯಾರೂ ಬಾಗಿಲು ತೆಗೀಬೇಡಿ. ನಂದು ಇನ್ನೂ ಇಳೀತಾ ಇದೆ, ನಿಂದೂ ಇಳೀಲಿ. ಹೂಂ ಕಣೇ, ಇನ್ನೊಂದು ಸಲ ಮಾಡು. ನಾನು ಎಲ್ಲೂ ಹೋಗಲ್ಲ."